ಗಾಳಿಯನ್ನು ಹುಡುಕಿದರೆ ಕಾಳಿ: ಧಾರಾಪುರಂ ಸೀಮೆಯ ಕನ್ನಡ ಮತ್ತು ಶೋಧಯಂತ್ರದ ಆಯ್ಕೆ

ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಕೊಂಗುನಾಡಿನ ಕನ್ನಡಿಗನೊಬ್ಬ ತನ್ನ ಮನೆಮಾತಿನ ‘ಗಾಳಿ’ಯನ್ನು ಶಾಲೆಯಲ್ಲಿ ಕಲಿತ ಆ ಲಿಪಿಯಲ್ಲಿ ಬರೆದರೆ ಅದು ‘ಕಾಳಿ’ಯೂ ಆಗುತ್ತದೆ. ಬರೆದವನಿಗೆ ಗೊಂದಲವಿಲ್ಲ, ಓದುವ ನೆಂಟನಿಗೂ ಇಲ್ಲ. ಶೋಧಯಂತ್ರದ ಕಣ್ಣಿಗೆ ಮಾತ್ರ ಎರಡೂ ಒಂದೇ. ಧಾರಾಪುರಂ ಸೀಮೆಯ ಕನ್ನಡವನ್ನು ಕುರಿತು ಅಂತರ್ಜಾಲದಲ್ಲಿ ಮಾಹಿತಿ ಅರಸುವವರು ಯಾವ ಶೋಧಯಂತ್ರವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಇಲ್ಲಿಂದ ಹೊರಡಬೇಕು.

ರೂಢಿಯ ಸಲಹೆ ಬೇರೆ. ಗೂಗಲ್ ಸಾಲದಿದ್ದರೆ ಬಿಂಗ್, ಅದೂ ಸಾಲದಿದ್ದರೆ ಯಾಹೂ ಅಥವಾ ಡಕ್‌ಡಕ್‌ಗೋ ಎನ್ನುತ್ತಾರೆ. ಆದರೆ ಯಾಹೂ, ಡಕ್‌ಡಕ್‌ಗೋಗಳ ಫಲಿತಾಂಶಗಳು ಬಹುಮಟ್ಟಿಗೆ ಬಿಂಗ್‌ನ ಸೂಚಿಯಿಂದಲೇ ಬರುವಂಥವು. ನಾಲ್ಕು ಅಂಗಡಿ ಅಲೆದರೂ ಉಗ್ರಾಣ ಎರಡೇ. ಡಕ್‌ಡಕ್‌ಗೋ ಬಳಕೆದಾರರ ಹಿಂದಿನ ಹುಡುಕಾಟಗಳ ಜಾಡು ಹಿಡಿಯುವುದಿಲ್ಲವೆನ್ನುವುದರಿಂದ, ಇಬ್ಬರು ಸಂಶೋಧಕರು ಒಂದೇ ಪ್ರಶ್ನೆಯ ಫಲಿತಾಂಶಗಳನ್ನು ಹೋಲಿಸಿ ನೋಡಲು ಅದು ಅನುಕೂಲ. ಅಷ್ಟರಮಟ್ಟಿಗೆ ಅದರ ಆಯ್ಕೆ ಸಮರ್ಥನೀಯ.

ಯಂತ್ರಕ್ಕಿಂತ ಮೊದಲು ಆರಿಸಬೇಕಾದುದು ಹೆಸರುಗಳನ್ನು. ದೇವಾಂಗರ ಚೌಡೇಶ್ವರಿ ತಮಿಳುನಾಡಿನ ದೇವಾಲಯಗಳಲ್ಲಿ ‘ಸೌಡೇಶ್ವರಿ ಅಮ್ಮನ್’. ಕನ್ನಡವಂತೂ ವಸಾಹತುಕಾಲದ ಇಂಗ್ಲಿಷಿನಲ್ಲಿ ‘ಕೆನರೀಸ್’. 1909ರಲ್ಲಿ ಏಳು ಸಂಪುಟಗಳಾಗಿ ಬಂದ ಎಡ್ಗರ್ ಥರ್ಸ್ಟನ್‌ನ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ದಲ್ಲಿ ದೇವಾಂಗರ, ಕಪ್ಪಿಲಿಯರ ಮಾತನ್ನು ಗುರುತಿಸಿರುವುದು ಆ ಹೆಸರಿನಿಂದಲೇ. ಊರಿನ ವಿಳಾಸವೂ ಒಂದೆಡೆ ನಿಂತದ್ದಲ್ಲ: ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಧಾರಾಪುರಂ 1979ರಲ್ಲಿ ಪೆರಿಯಾರ್ ಜಿಲ್ಲೆಗೆ ಹೋಯಿತು, ಆ ಜಿಲ್ಲೆ ಮುಂದೆ ಈರೋಡ್ ಎನಿಸಿತು, 2009ರಿಂದ ಊರು ತಿರುಪ್ಪೂರು ಜಿಲ್ಲೆಯದು. ‘ತಿರುಪ್ಪೂರು ಜಿಲ್ಲೆಯ ಕನ್ನಡಿಗರು’ ಎಂದು ಹುಡುಕುವವರು ಅದಕ್ಕೆ ಹಿಂದಿನ ಬರವಣಿಗೆಯ ಬಹುಭಾಗವನ್ನು ತಾವಾಗಿಯೇ ಹೊರಗಿಟ್ಟಿರುತ್ತಾರೆ.

ಆದ್ದರಿಂದ ಈ ಕ್ಷೇತ್ರಕ್ಕೆ ಇಂಟರ್‌ನೆಟ್ ಆರ್ಕೈವ್‌ನ ಪೂರ್ಣಪಠ್ಯ ಶೋಧವೇ ಮೊದಲ ಆಯ್ಕೆಯಾಗಬೇಕು. ಅದು ಹಳೆಯ ಪುಸ್ತಕಗಳ ಪುಟದೊಳಕ್ಕೆ ಇಳಿಯುತ್ತದೆ. ಅದಕ್ಕೂ ಕುರುಡುಂಟು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಅಲ್ಲಿಗೆ ಬಂದ ಎಷ್ಟೋ ಕನ್ನಡ ಪುಸ್ತಕಗಳು ಯಂತ್ರ ಓದಲಾರದ ಬರಿಯ ಚಿತ್ರಗಳು. ಅವುಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ಹೇಗೆಂದರೆ ಹಾಗೆ ನಮೂದಾಗಿವೆ. ಇಂಗ್ಲಿಷಿನ ಥರ್ಸ್ಟನ್ ಕ್ಷಣದಲ್ಲಿ ಸಿಗುತ್ತಾನೆ, ಕನ್ನಡದ ಪುಸ್ತಕ ಕಪಾಟಿನಲ್ಲಿದ್ದೂ ಸಿಗುವುದಿಲ್ಲ. ಅಂಕಿಸಂಖ್ಯೆಗಳಿಗಾದರೆ ಯಾವ ಯಂತ್ರವೂ ಬೇಡ, ಜನಗಣತಿಯ ಸಿ-16 ಕೋಷ್ಟಕವನ್ನೇ ತೆರೆಯುವುದು ಮೇಲು. 2011ರ ಕೋಷ್ಟಕ ಬಡಗ, ಕುರುಬ ಮಾತುಗಳನ್ನು ಕನ್ನಡದ ಅಡಿಯಲ್ಲಿಯೇ ಎಣಿಸಿದೆ. ಶೋಧಪುಟದ ತುದಿಯಲ್ಲಿ ಮೂಡುವ ಒಂಟಿ ಸಂಖ್ಯೆ ನೀಲಗಿರಿಯ ಬಡಗರನ್ನೂ ಕೊಂಗುನಾಡಿನ ನೇಕಾರರನ್ನೂ ಒಂದೇ ರಾಶಿಗೆ ಸುರಿದಿದೆಯೇ ಎಂಬುದು ಅಲ್ಲಿ ಕಾಣುವುದಿಲ್ಲ.

ಈ ಜಿಲ್ಲೆಗಳ ಕನ್ನಡಕ್ಕೆ ‘ಲಿಖಿತ ಆಧಾರ ದೊರೆಯಲಿಲ್ಲ’ ಎಂದು ಬರೆಯುವುದು ಸುಲಭ, ಆ ವಾಕ್ಯವನ್ನು ಅಳಿಸುವುದು ಕಷ್ಟ. ಮುಂದಿನವರು ಅದನ್ನೇ ಆಧಾರವಾಗಿ ಉಲ್ಲೇಖಿಸುತ್ತಾರೆ. ಯಾವ ಯಂತ್ರದಲ್ಲಿ, ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ, ಎಂದು ಹುಡುಕಿದ್ದು ಎಂಬುದನ್ನು ಜೊತೆಯಲ್ಲಿ ನಮೂದಿಸದಿದ್ದರೆ ಆ ವಾಕ್ಯಕ್ಕೆ ಬೆಲೆಯಿಲ್ಲ. ಕ್ಷೇತ್ರಕಾರ್ಯದಲ್ಲಿ ಮಾತುಗಾರರ ಊರು, ವಯಸ್ಸು ಕೇಳದೆ ಒಂದು ಪದವನ್ನೂ ಬರೆದುಕೊಳ್ಳದ ವಿದ್ವಾಂಸರೇ ಶೋಧಪುಟದ ಮುಂದೆ ಆ ಶಿಸ್ತನ್ನು ಮರೆಯುವುದುಂಟು.