ಹುಲಿಯನ್ನು ಮೊದಲ ರೈಡಿಗೇ ಬಿಡಿ

ಹೊನಲು ಬೆಳಕಿನ ಪಂದ್ಯಾವಳಿ ಹೊನ್ನಾಳಿಯದಾಗಲಿ, ಜಗಳೂರಿನದಾಗಲಿ, ನಮ್ಮ ಕಡೆಯ ಕಬಡ್ಡಿ ತಂಡಗಳಲ್ಲಿ ಒಂದು ರೂಢಿ ಬೇರೂರಿಬಿಟ್ಟಿದೆ. ಮೊದಲ ರೈಡಿಗೆ ಯಾರೋ ಒಬ್ಬ ಹೋಗಿ ಬಾಕ್ ಲೈನ್ ದಾಟಿದ ಶಾಸ್ತ್ರ ಮುಗಿಸಿ ಬರುತ್ತಾನೆ. ಎರಡನೆಯದಕ್ಕೆ ಇನ್ನೊಬ್ಬ ಹೋಗಿ ಗಾಳಿಯಲ್ಲಿ ಕೈ ಬೀಸಿ ಮರಳುತ್ತಾನೆ. ಊರಿನ ಹುಲಿ ಎನಿಸಿಕೊಂಡವನು ಅಷ್ಟು ಹೊತ್ತೂ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಮೂರನೇ ರೈಡ್ ಬಂತೋ, ಜನರ ಶಿಳ್ಳೆ, ಮೈಕಿನವನ ಕೂಗು; ಹುಲಿ ಮಣ್ಣು ಮುಟ್ಟಿ ನಮಸ್ಕರಿಸಿ ಒಳಗೆ ಇಳಿಯುತ್ತಾನೆ. ನೋಡಲು ಸೊಗಸೇ. ಆಟದ ಲೆಕ್ಕದಲ್ಲಿ ಮಾತ್ರ ನಷ್ಟದ ವ್ಯಾಪಾರ. ತಂಡದ ಅತ್ಯುತ್ತಮ ರೈಡರನ ಜಾಗ ಮೊದಲ ರೈಡ್.

ನಿಯಮ ಎಲ್ಲರಿಗೂ ಗೊತ್ತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾಗಿದೆ. ಒಂದು ತಂಡದ ಎರಡು ರೈಡ್ ಸತತವಾಗಿ ಖಾಲಿ ಹೋದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಅಂಕ ತರದೆ ಮರಳಿದರೆ ರೈಡರ್ ಔಟ್, ಎದುರಾಳಿಗೆ ಒಂದಂಕ. ನಾವು ಮರೆಯುವುದು ಇದರ ಇನ್ನೊಂದು ಮುಖವನ್ನು: ನಡುವೆ ಒಂದೇ ಒಂದು ಅಂಕ ಬಂದರೂ, ಅದು ಬರಿಯ ಬೋನಸ್ ಆಗಿದ್ದರೂ, ಖಾಲಿ ರೈಡಿನ ಎಣಿಕೆ ಅಳಿಸಿಹೋಗುತ್ತದೆ. ಮುಂದಿನ ರೈಡ್ ಮತ್ತೆ ಮೊದಲ ರೈಡೇ. ಅಂಕ ತರುವವನನ್ನು ಮೊದಲು ಕಳಿಸುತ್ತಾ ಹೋದರೆ ಮೂರನೇ ರೈಡಿನ ಕಷ್ಟ ಆ ತಂಡದ ಬಾಗಿಲಿಗೆ ಬರುವುದೇ ಅಪರೂಪ.

ಮೊದಲ ರೈಡಿನ ನಿಜವಾದ ಸಿರಿ ಇರುವುದು ಸ್ವಾತಂತ್ರ್ಯದಲ್ಲಿ. ರೈಡರನಿಗೆ ಮೂವತ್ತು ಸೆಕೆಂಡ್ ಇದೆ, ಜೊತೆಗೆ ಬರಿಗೈಯಲ್ಲಿ ಮರಳುವ ಹಕ್ಕೂ ಇದೆ. ಸಂದು ಕಂಡರೆ ನುಗ್ಗಬಹುದು, ಕಾಣದಿದ್ದರೆ ಉಸಿರು ಉಳಿಸಿಕೊಂಡು ಬರಬಹುದು. ಹಿಡಿಯುವವರಿಗೆ ಅವನ ಮನಸ್ಸು ಗೊತ್ತಾಗುವುದಿಲ್ಲ. ಮೂರನೇ ರೈಡಿನಲ್ಲಿ ಈ ಗುಟ್ಟು ಬಯಲಾಗಿರುತ್ತದೆ. ಅವನು ಬಂದೇ ಬರುತ್ತಾನೆಂದು ಏಳು ಜನಕ್ಕೂ ಗೊತ್ತು. ಕಾರ್ನರಿನವರು ಅವಸರಪಡುವುದಿಲ್ಲ, ಕವರಿನವರು ಹಿಂದೆ ಸರಿದು ಸರಪಳಿ ಕಟ್ಟಿ ಕಾಯುತ್ತಾರೆ. ಬೇಟೆಗಾರ ಅಲ್ಲಿ ತಾನೇ ಬೇಟೆ. ಎಷ್ಟೇ ದೊಡ್ಡ ಆಟಗಾರನಾದರೂ, ತನ್ನ ಉದ್ದೇಶ ಮೊದಲೇ ಬಯಲಾದ ಮೇಲೆ ಅರ್ಧ ಬಲ ಕಳೆದುಕೊಂಡಂತೆ.

ಇನ್ನು ಬೋನಸ್ ಗೆರೆಯ ವಿಚಾರ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಆ ಅಂಕ ಸಿಗುತ್ತದೆ. ಒಂದು ಕಾಲು ಗೆರೆ ದಾಟಿರಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಒಳ್ಳೆಯ ರೈಡರ್ ಬೋನಸ್‌ಗೆ ಕಾಲು ಚಾಚಿದಂತೆ ನಟಿಸಿದರೂ ಸಾಕು, ಪಾದ ಹಿಡಿಯುವ ಆಸೆಗೆ ಕಾರ್ನರಿನವನು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಆ ಹೆಜ್ಜೆಯಲ್ಲೇ ಅವನ ಬೆನ್ನ ಹಿಂದೆ ಜಾಗ ತೆರೆಯುತ್ತದೆ, ಅವನ ತೋಳು ಕೈಗೆ ನಿಲುಕುತ್ತದೆ. ಒಬ್ಬ ಔಟಾದರೆ ಆರು. ಬೋನಸ್ ಬಾಗಿಲು ಇನ್ನೂ ತೆರೆದೇ ಇದೆ. ಇನ್ನೊಬ್ಬ ಹೋದರೆ ಐದು. ಬೋನಸ್ ಮುಚ್ಚಿತು, ಆದರೆ ಹತ್ತು ಮೀಟರ್ ಅಗಲದ ಅಂಕಣವನ್ನು ಐವರು ಕಾಯಬೇಕು, ಸರಪಳಿ ಸಡಿಲವಾಗಿದೆ. ಈಗ ಒಳಗೆ ಹೋಗುವ ಎರಡನೇ ದರ್ಜೆಯ ರೈಡರನಿಗೂ ಕೆಲಸ ಸುಲಭ. ಹುಲಿ ಮೊದಲು ಹೋಗುವುದರಿಂದ ಹೆಚ್ಚು ಲಾಭ ಪಡೆಯುವವನು ಇವನೇ.

ಅಮೆರಿಕದ ಫುಟ್‌ಬಾಲ್‌ನಲ್ಲಿ ಈ ಲೆಕ್ಕವನ್ನು ಬಹಳ ಹಿಂದೆಯೇ ಅರಿತಿದ್ದಾರೆ. ಅಲ್ಲಿ ಹತ್ತು ಗಜ ಸಾಗಲು ನಾಲ್ಕು ಅವಕಾಶ; ಸಾಗಿದರೆ ಎಣಿಕೆ ಮತ್ತೆ ಒಂದರಿಂದ. ಚೆಂಡು ಬಗಲಲ್ಲಿಟ್ಟು ನುಗ್ಗುವ ‘ರನ್ನಿಂಗ್ ಬ್ಯಾಕ್’ ಮೊದಲ ಅವಕಾಶದಲ್ಲೇ ಐದು ಗಜ ಕಿತ್ತುಕೊಂಡರೆ ಉಳಿದದ್ದು ಮೂರು ಅವಕಾಶ, ಐದೇ ಗಜ. ಆಮೇಲೆ ತಂಡ ಓಡುತ್ತದೋ, ಚೆಂಡು ಎಸೆಯುತ್ತದೋ ಎದುರಾಳಿಗೆ ತಿಳಿಯದು. ಓಟ ತಡೆಯಲು ಅವರು ಮುಂದೆ ಬಂದರೆ ಹಿಂದೆ ಎಸೆತಕ್ಕೆ ಬಯಲು. ನಮ್ಮ ಬೋನಸ್ ಬೆದರಿಕೆಯ ಚಮತ್ಕಾರವೇ ಅದು. 2024ರ ಋತುವಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಲೀಗ್ ಹಂತದಲ್ಲೇ 2,005 ಗಜ ಓಡಿದ. ತಂಡ 2025ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಅಂಥ ಓಟಗಾರನನ್ನು ಕೊನೆಯ ಅವಕಾಶಕ್ಕೆಂದು ಕೂರಿಸಿದ್ದರೆ ಅಷ್ಟು ಗಜ ಕೂಡುತ್ತಿತ್ತೇ?

ನಮ್ಮ ಬೆಂಗಳೂರು ಬುಲ್ಸ್ ಕಥೆಯೂ ಇದೇ. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರ ಗೆಲುವು. ರೈಡರ್ ಪವನ್ ಸೆಹ್ರಾವತ್ ಒಬ್ಬನೇ ತಂದದ್ದು 22 ಅಂಕ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39. ಈಗ ಲೆಕ್ಕ ಹಾಕಿ. ಇಪ್ಪತ್ತು ನಿಮಿಷದ ಒಂದು ಅವಧಿಯಲ್ಲಿ, ರೈಡಿಗೆ ಮೂವತ್ತು ಸೆಕೆಂಡಿನಂತೆ, ಒಂದು ತಂಡದ ಪಾಲಿಗೆ ಬರುವುದು ಹೆಚ್ಚುಕಡಿಮೆ ಇಪ್ಪತ್ತು ರೈಡ್. ಸ್ಟಾರ್ ಮೂರನೆಯದಕ್ಕೆ ಮಾತ್ರ ಹೋಗುವುದಾದರೆ ಅವನ ಪಾಲು ಆರು. ಆ ಆರರಲ್ಲೂ ಕೈಕಾಲು ಕಟ್ಟಿದ ಸ್ಥಿತಿ. ಮೊದಲು ಹೋಗುವುದಾದರೆ, ಅಂಕ ತಂದಾಗಲೆಲ್ಲ ಮತ್ತೆ ಹೋಗಬಹುದು. 39 ಅಂಕ ಹುಟ್ಟುವುದು ಈ ಎರಡನೇ ದಾರಿಯಲ್ಲಿ.

ಮೂರನೇ ರೈಡ್ ಎಂಥ ಕತ್ತಿಯಂಚು ಎಂಬುದಕ್ಕೂ ಪವನ್ ಕೊಟ್ಟ ನಿದರ್ಶನವೇ ಇದೆ. 2023ರ ಅಕ್ಟೋಬರ್ 7, ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್, ಎದುರಿಗೆ ಇರಾನ್. 28–28ರ ಸಮಬಲ, ಉಳಿದದ್ದು ಒಂದು ನಿಮಿಷದ ಆಸುಪಾಸು, ಭಾರತಕ್ಕೆ ಮಾಡು ಇಲ್ಲವೇ ಮಡಿ. ನಾಯಕ ಪವನ್ ಯಾರನ್ನೂ ಮುಟ್ಟದೆ ಅಂಕಣದ ಬದಿಯ ಲಾಬಿಗೆ ಕಾಲಿಟ್ಟ. ಹಿಡಿಯಲು ಬಂದ ಇರಾನಿಗಳೂ ಅವನ ಹಿಂದೆಯೇ ಲಾಬಿಗೆ ಇಳಿದರು. ಯಾವ ನಿಯಮ, ಯಾರಿಗೆ ಎಷ್ಟು ಅಂಕ ಎಂಬ ಜಗಳದಲ್ಲಿ ಆಟ ಹೆಚ್ಚುಕಡಿಮೆ ಒಂದು ತಾಸು ನಿಂತಿತು. ಕೊನೆಗೆ 33–29ರಲ್ಲಿ ಚಿನ್ನ ನಮಗೇ ಬಂತು. ಆದರೆ ಜಗತ್ತಿನ ಶ್ರೇಷ್ಠ ರೈಡರನ ಮೂರನೇ ರೈಡೂ ಕಡೆಗೆ ತೀರ್ಪುಗಾರರ ಮೇಜಿಗೆ ಹೋಯಿತು. ಬರಿಗೈಲಿ ಮರಳುವ ಹಕ್ಕಿದ್ದಿದ್ದರೆ ಅವನು ಆ ಲಾಬಿಯ ಕಡೆ ಸುಳಿಯಬೇಕಿರಲಿಲ್ಲ.

‘ಹುಲಿ ಮೊದಲೇ ಸಿಕ್ಕಿಬಿದ್ದರೆ ಗತಿಯೇನು ಸಾರ್?’ ಎಂಬುದು ನ್ಯಾಮತಿ ಕಡೆಯ ಹುಡುಗರು ಎತ್ತುವ ಆಕ್ಷೇಪ. ಸರಿಯಾದ ಪ್ರಶ್ನೆಯೇ. ಆದರೆ ಸಿಕ್ಕಿಬೀಳುವ ಅಪಾಯ ಹೆಚ್ಚಿರುವುದು ಎಲ್ಲಿ? ಮರಳುವ ದಾರಿ ತೆರೆದಿರುವ ಕಡೆಯೋ, ಮುಚ್ಚಿರುವ ಕಡೆಯೋ? ಜಗಳೂರಿನ ಮಳೆಯಾಶ್ರಿತ ರೈತ ಇದನ್ನು ಬಲ್ಲ. ಹದ ಸಿಕ್ಕ ಮೊದಲ ಮಳೆಗೇ ಬಿತ್ತಿದವನಿಗೆ ಕೈಕೊಟ್ಟರೂ ಮರುಬಿತ್ತನೆಗೆ ಕಾಲವಿರುತ್ತದೆ. ಕೊನೆಯ ಮಳೆಗೆ ಕಾದವನಿಗೆ ಅದೊಂದೇ ಗತಿ. ಹಾಗೆಂದು ಇದನ್ನು ಕಣ್ಣುಮುಚ್ಚಿ ಪಾಲಿಸಬೇಕಿಲ್ಲ. ಐದಾರು ಅಂಕದ ಮುನ್ನಡೆ ಇದ್ದು ಕೊನೆಯ ನಿಮಿಷಗಳು ಓಡುತ್ತಿದ್ದರೆ ಎರಡು ಖಾಲಿ ರೈಡ್‌ನಲ್ಲಿ ಹೊತ್ತು ಕಳೆಯುವುದೇ ಜಾಣತನ. ಎದುರಿಗೆ ಮೂವರೇ ಉಳಿದಿದ್ದರೆ ಸೂಪರ್ ಟ್ಯಾಕಲ್‌ನ ಎರಡಂಕದ ಬಲೆಯಿದೆ, ಅಲ್ಲಿ ತಾಳ್ಮೆಯೇ ಲೇಸು. ಒಬ್ಬನೇ ಹುಲಿಯನ್ನು ನೆಚ್ಚದ ತಂಡಗಳೂ ಗೆಲ್ಲುತ್ತವೆ. ಕನ್ನಡಿಗ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್ 1ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಹರಿಯಾಣವನ್ನು 28–25ರಲ್ಲಿ ಮಣಿಸಿದ್ದು ಹಾಗೆಯೇ, ರೈಡಿನ ಹೊರೆಯನ್ನು ಹಂಚಿಕೊಂಡು. ಆದರೆ ಮೂವರು ಸಮಬಲದ ರೈಡರುಗಳು ನಮ್ಮ ಎಷ್ಟು ಊರುಗಳಲ್ಲಿದ್ದಾರೆ?

ನೆಲವನ್ನೂ ನೋಡಿಕೊಳ್ಳಬೇಕು. ಮ್ಯಾಟಿನ ಮೇಲೆ ಕಲಿತ ಬೋನಸ್ ಕಾಲು ಮಣ್ಣಿನಲ್ಲಿ ಹಾಗೆಯೇ ನಡೆಯದು. ಚನ್ನಗಿರಿ ಕಡೆಯ ಅಡಿಕೆ ಸೀಮೆಯಲ್ಲಿ ತೇವ ಹಿಡಿದ ಅಂಕಣದಲ್ಲಿ ಊರಿದ ಕಾಲು ಜಾರುತ್ತದೆ. ಅಲ್ಲಿ ಬೋನಸ್‌ಗಿಂತ ಓಡುತ್ತಲೇ ಕೈ ತಾಕಿಸುವುದು ಕ್ಷೇಮ. ಜಗಳೂರಿನ ಗಟ್ಟಿ ನೆಲದಲ್ಲಿ ಕಾಲಿಗೆ ಹಿಡಿತ ಸಿಗುತ್ತದೆ, ಬಿದ್ದರೆ ಮಾತ್ರ ಮೊಣಕಾಲು ಕಿತ್ತುಬರುತ್ತದೆ. ಅಲ್ಲಿ ಹಾರಿ ಬೀಳುವ ಸಾಹಸ ಬಿಟ್ಟು ಬೋನಸ್ ಕದಿಯುವುದೇ ಮೇಲು. ಪಂದ್ಯದ ಮೊದಲ ರೈಡಿನಲ್ಲಿ ಈ ನೆಲದ ಗುಣವನ್ನು ಅಳೆದು ಬರುವುದೂ ಹುಲಿಯ ಕೆಲಸವೇ. ಅವನ ಪಾದಕ್ಕೆ ತಿಳಿದದ್ದನ್ನು ಉಳಿದವರಿಗೆ ಹೇಳಬಹುದು.

ಸಂಘಟಕರಿಗೆ ಒಂದು ಸಲಹೆ. ದಸರಾ ಕ್ರೀಡಾಕೂಟವಿರಲಿ, ಜಾತ್ರೆಯ ಪಂದ್ಯಾವಳಿಯಿರಲಿ, ‘ಬೆಸ್ಟ್ ರೈಡರ್’ ಟ್ರೋಫಿ ಹೋಗುವುದು ಒಟ್ಟು ಅಂಕ ನೋಡಿ, ಇಲ್ಲವೇ ಜನರ ಶಿಳ್ಳೆ ಕೇಳಿ. ಸ್ಕೋರ್ ಶೀಟಿನಲ್ಲಿ ಇನ್ನೊಂದು ಗೆರೆ ಎಳೆಯಿರಿ: ಎಣಿಕೆಯ ಮೊದಲ ರೈಡಿನಲ್ಲಿ ಯಾರು ಎಷ್ಟು ಅಂಕ ತಂದರು? ಆ ಕಾಲಂನಲ್ಲಿ ಮೇಲಿರುವವನಿಗೆ ಟ್ರೋಫಿ ಕೊಡಿ. ಒಂದೇ ಹಂಗಾಮು ಹೀಗೆ ಮಾಡಿದರೆ ಸಾಕು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಹುಲಿಗಳು ತಾವಾಗಿಯೇ ಮುಂದೆ ಬರುತ್ತಾರೆ.