ಬ್ರಹ್ಮಗಿರಿ: ವೀಲರ್ ವರದಿಯಲ್ಲಿ ಉಳಿಯುವುದು, ಬಿಡಬೇಕಾದ್ದು

ಬ್ರಹ್ಮಗಿರಿ ಅಂದ ಕೂಡಲೇ ಶಾಸನಾಸಕ್ತರಿಗೆ ನೆನಪಾಗೋದು ಅಶೋಕ. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬಂಡೆಯ ಮೇಲಿನ ಕಿರುಶಾಸನವನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರೂ ಇದೆ. ಸರಿ, ಈ ಆಜ್ಞೆ ಬರುವ ಹೊತ್ತಿಗೆ ಇಲ್ಲಿನ ಜನವಸತಿ ಎಷ್ಟು ಹಳೆಯದಾಗಿತ್ತು? ಅದನ್ನು ಶಾಸನ ಹೇಳುವುದಿಲ್ಲ, ಮಣ್ಣೇ ಹೇಳಬೇಕು.

ಡಾ. ಎಂ. ಎಚ್. ಕೃಷ್ಣ ಅವರು ಮೊದಲೇ ಇಲ್ಲಿ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದು, ‘ಏನ್ಷಿಯಂಟ್ ಇಂಡಿಯಾ’ದ 4ನೇ ಸಂಚಿಕೆಯಲ್ಲಿ ವರದಿ ಪ್ರಕಟಿಸಿದರು. ಅದರ ದೊಡ್ಡ ಗುಣ ಸ್ತರಗಳ ಶಿಸ್ತು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿ, ಸೂಕ್ಷ್ಮ ಶಿಲೋಪಕರಣ, ಕೈಯಿಂದ ಮಾಡಿದ ಒರಟು ಮಡಕೆ, ಮನೆಗಳ ನಡುವೆಯೇ ಮಡಕೆಯಲ್ಲಿಟ್ಟು ಹೂತ ಎಳೆಮಕ್ಕಳು. ಅದರ ಮೇಲೆ ಕಬ್ಬಿಣ, ಕಪ್ಪು-ಕೆಂಪು ಮಡಕೆ, ಕಲ್ಲುಗೋರಿಗಳ ಬೃಹತ್ ಶಿಲಾಯುಗ. ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದ ಪದರ. ವೀಲರ್ ಇದನ್ನು ‘ಆಂಧ್ರ’ ಅಂತ ಕರೆದರು. ಒಂದು ಪದರ ಇನ್ನೊಂದರೊಳಗೆ ಬೆರೆಯುವ ಜಾಗವನ್ನೂ ಅವರು ಮರೆಮಾಚಲಿಲ್ಲ. ಈ ಅನುಕ್ರಮ ಇವತ್ತಿಗೂ ನಿಂತಿದೆ.

ನಿಲ್ಲದೇ ಹೋದದ್ದು ಇಸವಿಗಳು. ವೀಲರ್ ಕೈಯಲ್ಲಿದ್ದ ಗಟ್ಟಿ ಆಧಾರ ಮೇಲಿನ ಪದರದ್ದು ಮಾತ್ರ: ಅರಿಕಮೇಡುವಿನಲ್ಲಿ 1945ರಲ್ಲಿ ಗುರುತಿಸಿದ್ದ ಮಡಕೆಯ ಬಗೆ, ಚಂದ್ರವಳ್ಳಿಯ ನಾಣ್ಯಗಳು. ಅಲ್ಲಿಂದ ಕೆಳಕ್ಕೆ ಅಂದಾಜಿನಲ್ಲಿ ಇಳಿದರು. ಬೃಹತ್ ಶಿಲಾಯುಗ ಸುಮಾರು ಕ್ರಿ.ಪೂ. 200ಕ್ಕೆ ಶುರು ಅಂದರು, ಕಲ್ಲುಕೊಡಲಿಯ ಕಾಲವನ್ನು ಕ್ರಿ.ಪೂ. ಮೊದಲ ಸಹಸ್ರಮಾನದೊಳಗೇ ಮುಗಿಸಿದರು.

ಇದರ ಅರ್ಥ ಏನು ನೋಡಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಆಜ್ಞೆ ಬಂದಾಗ ಇಸಿಲದ ಜನ ಇನ್ನೂ ಕಲ್ಲುಕೊಡಲಿ ಹಿಡಿದಿದ್ದರು ಅಂತಾಯ್ತು! ಕಬ್ಬಿಣ, ಅಕ್ಷರ, ಆಡಳಿತ ಎಲ್ಲವೂ ಉತ್ತರದಿಂದಲೇ ಬಂತು ಅನ್ನುವ ಕಥೆಗೆ ಇದು ಸಲೀಸಾಗಿ ಹೊಂದಿಕೊಳ್ಳುತ್ತದೆ.

ಮುಂದಿನ ಉತ್ಖನನಗಳು ಈ ಲೆಕ್ಕವನ್ನು ಬುಡಮೇಲು ಮಾಡಿದವು. ಆಲ್ಚಿನ್ ಅಗೆದ ಉಟ್ನೂರಿನ ಬೂದಿದಿಬ್ಬದ ರೇಡಿಯೋಕಾರ್ಬನ್ ಕಾಲಮಾನ ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಒಯ್ದಿತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ, ಕಬ್ಬಿಣ ಸಿಕ್ಕ ಪದರ ಸುಮಾರು ಕ್ರಿ.ಪೂ. 1000ದ್ದು ಅಂತ ತಿಳಿಯಿತು. ಅಂದರೆ ಚಪಡ ಉಳಿ ಹಿಡಿಸುವುದಕ್ಕೆ ಏಳುನೂರು ವರ್ಷ ಮೊದಲೇ ಈ ಸೀಮೆಯಲ್ಲಿ ಕಬ್ಬಿಣ ಇತ್ತು.

ವೀಲರ್ ಅವರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. 1947ರಲ್ಲಿ ಅವರಿಗೆ ರೇಡಿಯೋಕಾರ್ಬನ್ ಸೌಲಭ್ಯವೇ ಇರಲಿಲ್ಲ. ಆದರೆ ಅವರ ಇಸವಿಗಳನ್ನು ಈಗಲೂ ಹಾಗೇ ಎತ್ತಿ ಬರೆದರೆ ತಪ್ಪು ನಮ್ಮದು. ಶಾಸನ ಓದುವ ನಮಗೆ ಇಲ್ಲೊಂದು ಎಚ್ಚರಿಕೆಯೂ ಇದೆ: ಬಂಡೆಯ ಅಕ್ಷರದ ಕಾಲ ಅಕ್ಷರಕ್ಕಷ್ಟೇ ಸಲ್ಲುತ್ತದೆ, ಅದರ ಸುತ್ತಲಿನ ಊರಿಗಲ್ಲ. ಬ್ರಹ್ಮಗಿರಿಗೆ ಹೋದವರು ಶಾಸನದ ಫೋಟೋ ತೆಗೆದು ವಾಪಸ್ಸಾಗಬೇಡಿ. ಬೆಟ್ಟದ ತಪ್ಪಲಲ್ಲೂ ಒಂದು ಸುತ್ತು ಹಾಕಿ. ಅಶೋಕನಿಗಿಂತ ಬಹಳ ಹಿಂದಿನ ಜನ ಬಾಳಿದ ನೆಲ ಅದು. ಬಿದ್ದಿರುವ ಚೂರುಗಳನ್ನು ಮಾತ್ರ ಎತ್ತಿಕೊಳ್ಳಬೇಡಿ, ಇದ್ದಲ್ಲೇ ಇರಲಿ.