ಬಾದಾಮಿ ಕೇಕಿನಲ್ಲಿ ಬಾದಾಮಿ ಎಲ್ಲಿ?

ಕಳೆದ ತಿಂಗಳು ನಮ್ಮ ಸಂಘದ ಮಹಿಳಾ ವಿಭಾಗದವರು ಏರ್ಪಡಿಸಿದ್ದ ಕೇಕ್ ಸ್ಪರ್ಧೆಗೆ ತೀರ್ಪುಗಾರರಲ್ಲೊಬ್ಬರಾಗಿ ನಮ್ಮನ್ನು ಕರೆದಿದ್ದರು. ಪುಸ್ತಕಗಳ ವಿಮರ್ಶೆ ಬರೆದುಕೊಂಡಿರುವವರಿಗೆ ಕೇಕಿನ ವಿಷಯ ಏನು ತಿಳಿದೀತು ಎಂದು ನಾವು ಹಿಂಜರಿದೆವು. 'ತಿನ್ನಲು ಬರುತ್ತದಲ್ಲ, ಅಷ್ಟು ಸಾಕು, ಬನ್ನಿ' ಎಂದರು. ಹೋದೆವು, ತಿಂದೆವು, ಅಂಕ ಕೊಟ್ಟು ಬಂದೆವು. ಆ ಅಂಕ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಸ್ಪರ್ಧೆಯ ನಿಯಮ ಸರಳವಾಗಿತ್ತು. ಬಾದಾಮಿ ಪರಿಮಳದ, ಮೆದುವಾದ, ಪದರ ಪದರವಾದ ಕೇಕನ್ನು ಮೊದಲಿನಿಂದ ಕೊನೆಯವರೆಗೆ ಮನೆಯಲ್ಲೇ ಮಾಡಿ ತರಬೇಕು. ಪೊಟ್ಟಣದ ಸಿದ್ಧ ಮಿಶ್ರಣ ಬಳಸಕೂಡದು. ಬಂದವು ಏಳು ಕೇಕುಗಳು. ಕೊನೆಗೆ ಉಳಿದದ್ದು ಎರಡು. ಒಂದು ಹಾಲಿನಂತೆ ಬಿಳಿ. ಮೇಲೆ ಐಸಿಂಗಿನ ಗುಲಾಬಿಗಳು. ಚಾಕು ಇಟ್ಟೊಡನೆ ಬಾದಾಮಿಯ ಘಮ ಸಭಾಂಗಣವನ್ನೆಲ್ಲ ತುಂಬಿತು. ಇನ್ನೊಂದು ಕೊಂಚ ಕಂದು ಬಣ್ಣದ್ದು. ನೆತ್ತಿ ಉಬ್ಬಿ, ಒಂದು ಕಡೆಗೆ ವಾಲಿತ್ತು. ಐಸಿಂಗ್ ತೆಳುವಾಗಿತ್ತು, ಪದರಗಳ ನಡುವೆ ಜರ್ದಾಳು ಹಣ್ಣಿನ ಜಾಮ್ ಇತ್ತು. ನಮ್ಮ ಪಕ್ಕದಲ್ಲಿ ನಿಂತಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಇದನ್ನು ತಿಂದು ನೋಡಿ, 'ಇದರಲ್ಲಿ ಬಾದಾಮಿ ವಾಸನೆಯೇ ಇಲ್ಲ' ಎಂದ. ನಾವೂ ತಲೆಯಾಡಿಸಿದೆವು. ಬಹುಮಾನ ಬಿಳಿಯ ಕೇಕಿಗೆ ಹೋಯಿತು.

ಉಳಿದ ತುಂಡುಗಳನ್ನು ತೀರ್ಪುಗಾರರ ಮನೆಗಳಿಗೆ ಕಟ್ಟಿಕೊಟ್ಟರು. ಮುಂಬಯಿಯ ಸೆಕೆಗೆ ಹೆದರಿ ಎರಡನ್ನೂ ಫ್ರಿಜ್ಜಿನಲ್ಲಿಟ್ಟೆವು. ಮೂರನೆಯ ದಿನ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಟ್ಟು ಸಂಜೆಯ ಕಾಫಿಯೊಡನೆ ತಿಂದೆವು. ಗೆದ್ದ ಕೇಕು ಮೇಲೆ ರಸ್ಕಿನಂತೆ ಒಣಗಿತ್ತು, ಕೆಳಗೆ ಪಾಕ ಇಳಿದು ಮುದ್ದೆಯಾಗಿತ್ತು. ಬಾಯಲ್ಲಿ ಉಳಿದದ್ದು ಔಷಧದಂಥ ಕಹಿ. ಸೋತ ಕೇಕು ಇನ್ನೂ ಮೆದುವಾಗಿತ್ತು. ಮೊದಲ ದಿನಕ್ಕಿಂತ ರುಚಿಯಾಗಿಯೂ ಇತ್ತು. ಅಗಿದಂತೆಲ್ಲ ಬಾದಾಮಿ ಸಿಕ್ಕಿತು. ಒಂದು ಕವನವನ್ನು ಒಮ್ಮೆ ಕೇಳಿ ಚಪ್ಪಾಳೆ ತಟ್ಟಿದ್ದಕ್ಕೂ ಮನೆಗೆ ತಂದು ಎರಡನೆಯ ಸಲ ಓದಿದ್ದಕ್ಕೂ ಇರುವ ಅಂತರ ನಮಗೆ ಆಗ ನೆನಪಾಯಿತು.

ಇಬ್ಬರು ಸೋದರಿಯರನ್ನೂ ಕೇಳಿಕೊಂಡೆವು. ಇಬ್ಬರೂ ತಮ್ಮ ಪಾಕವಿಧಾನವನ್ನು ಸಂಕೋಚವಿಲ್ಲದೆ ಬರೆದುಕೊಟ್ಟರು. ಗೆದ್ದವರ ಪಟ್ಟಿಯಲ್ಲಿ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಬೇಕಿಂಗ್ ಪೌಡರ್, ಮೂರು ಚಮಚ ಬಾದಾಮಿ ಎಸೆನ್ಸ್ ಇದ್ದವು. ಬಾದಾಮಿ ಒಂದೂ ಇರಲಿಲ್ಲ. ಸೋತವರ ಪಟ್ಟಿಯಲ್ಲಿ 100 ಗ್ರಾಂ ಬಾದಾಮಿ ಇತ್ತು. ಎಸೆನ್ಸ್ ಒಂದು ಹನಿಯೂ ಇರಲಿಲ್ಲ. ಗೆದ್ದವರು ನಿಯಮ ಮುರಿದರೆಂದು ಯಾರೂ ತಿಳಿಯಬಾರದು. ನಿಯಮ ಕೇಳಿದ್ದು ಪರಿಮಳವನ್ನು, ಅವರು ಪರಿಮಳವನ್ನೇ ಕೊಟ್ಟರು. ತಪ್ಪು ನಿಯಮ ಬರೆದವರದು, ಅದಕ್ಕಿಂತ ಹೆಚ್ಚಾಗಿ ಅಂಕ ಕೊಟ್ಟ ನಮ್ಮದು. ಆದ್ದರಿಂದ ನಿಯಮದ ಮೂರು ಮಾತುಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಪರಿಮಳ. ನಾವು ರಾತ್ರಿ ನೆನೆಸಿ ಬೆಳಗ್ಗೆ ಮಕ್ಕಳಿಗೆ ಕೊಡುವುದು ಸಿಹಿ ಬಾದಾಮಿ. ಅದನ್ನು ಮೂಸಿ ನೋಡಿ. ಎಸೆನ್ಸಿನ ಘಮ ಅದರಲ್ಲಿ ಇಲ್ಲವೆಂದರೂ ನಡೆದೀತು. ಆ ಘಮ ಕಹಿ ಬಾದಾಮಿಯದು. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಎಂಬ ವಸ್ತು ಇದೆ. ಬೀಜವನ್ನು ಜಜ್ಜಿ ನೀರು ತಾಕಿಸಿದರೆ ಅದು ಒಡೆದು, ಬೆಂಜಾಲ್ಡಿಹೈಡ್ ಎಂಬ ಪರಿಮಳದ್ರವ್ಯವೂ ಜೊತೆಗೆ ಸಯನೈಡ್ ವಿಷವೂ ಹೊರಡುತ್ತವೆ. ಕಹಿ ಬಾದಾಮಿಯನ್ನು ಹಸಿಯಾಗಿ ತಿನ್ನಬಾರದೆನ್ನುವುದು ಇದಕ್ಕೇ. ಜರ್ಮನಿಯ ಲೀಬಿಗ್ ಮತ್ತು ವೋಲರ್ ಎಂಬ ರಸಾಯನಶಾಸ್ತ್ರಜ್ಞರು 1832ರಲ್ಲಿ ಕಹಿ ಬಾದಾಮಿಯ ಎಣ್ಣೆಯನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧ ವಿಜ್ಞಾನದ ಚರಿತ್ರೆಯಲ್ಲೇ ಹೆಸರಾದದ್ದು. ಇಂದು ಅಂಗಡಿಯ ಸೀಸೆಯಲ್ಲಿ ಸಿಗುವ ಬಾದಾಮಿ ಪರಿಮಳ ಬಹುಮಟ್ಟಿಗೆ ವಿಷ ತೆಗೆದ ಜರ್ದಾಳು ಬೀಜದ ಎಣ್ಣೆ. ಇಲ್ಲವೇ ಕಾರ್ಖಾನೆಯಲ್ಲಿ ತಯಾರಾದ ಬೆಂಜಾಲ್ಡಿಹೈಡ್. ಜರ್ದಾಳು, ಬಾದಾಮಿ ಒಂದೇ ಕುಲದ ಮರಗಳು. ಹೈದರಾಬಾದಿನಲ್ಲಿರುವ ನಮ್ಮ ಓದುಗರು ಖುಬಾನಿ ಕಾ ಮೀಠಾದ ಮೇಲೆ ಅದೇ ಹಣ್ಣಿನ ಬೀಜದ ತಿರುಳನ್ನು ಇಟ್ಟಿರುವುದನ್ನು ಕಂಡಿರುತ್ತಾರೆ. ನೋಡಲು ಅದು ಪುಟ್ಟ ಬಾದಾಮಿಯೇ.

ಹಾಗಾದರೆ ಎಸೆನ್ಸ್ ಎಂಬುದು ಬರೀ ಮೋಸವೇ? ಅಲ್ಲ. ಇಟಲಿಯ ಅಮರೆಟ್ಟಿ ಬಿಸ್ಕತ್ತಿನಲ್ಲಿ ಕಹಿ ಬಾದಾಮಿಯನ್ನೋ ಜರ್ದಾಳು ಬೀಜವನ್ನೋ ಸೇರಿಸುವ ಪದ್ಧತಿ ಹಳೆಯದು. ಆ ಕಹಿಯ ಸೋಂಕು ಸಿಹಿ ಬಾದಾಮಿಯನ್ನು ಎಚ್ಚರಿಸುತ್ತದೆ. ಎಸೆನ್ಸ್ ಮಾಡಬೇಕಾದ ಕೆಲಸ ಅಷ್ಟೇ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಅದು ಒಗ್ಗರಣೆಯ ಇಂಗು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆಂಬ ಗಾದೆ ಇದೆಯಾದರೂ, ಬೇಳೆಯಿಲ್ಲದ ನೀರಿಗೆ ಇಂಗಿನ ಒಗ್ಗರಣೆ ಕೊಟ್ಟು ಇದೇ ಸಾರು ಎಂದರೆ ಯಾವ ಕನ್ನಡಿಗನೂ ಒಪ್ಪಲಾರ. ಕೇಕಿನ ವಿಷಯದಲ್ಲಿ ಮಾತ್ರ ನಾವು ಒಪ್ಪಿಬಿಟ್ಟೆವು.

ಬಾಂದ್ರಾದಲ್ಲಿ ಈಸ್ಟರಿಗೆ ಮಾಡುವ ಮಾರ್ಜಿಪಾನ್ ಮೊಟ್ಟೆಗಳಲ್ಲಿ ಬಾದಾಮಿಯ ಬದಲು ಗೋಡಂಬಿ ಅರೆದು ಬಾದಾಮಿ ಎಸೆನ್ಸ್ ಬೆರೆಸುವುದುಂಟು. ಅಲ್ಲಿ ಕನಿಷ್ಠ ಒಂದು ಬೀಜದ ಸ್ಥಾನದಲ್ಲಿ ಇನ್ನೊಂದು ಬೀಜವಿದೆ. ನಾವು ಬಹುಮಾನ ಕೊಟ್ಟದ್ದರಲ್ಲಿ ಆ ಸ್ಥಾನವೇ ಖಾಲಿ.

ಎರಡನೆಯ ಮಾತು ಮೆದು. ಇಂಗ್ಲಿಷ್ ಅಡುಗೆ ಪುಸ್ತಕಗಳು ಬಳಸುವ 'ಮಾಯಿಸ್ಟ್' ಎಂಬ ಮಾತಿಗೆ ನಮ್ಮಲ್ಲಿ ಕೆಲವರು ತೇವ ಎನ್ನುತ್ತಾರೆ, ಕೆಲವರು ಒದ್ದೆ ಎನ್ನುತ್ತಾರೆ. ತೇವ ಮಳೆಗಾಲದ ಗೋಡೆಗೆ ಹೇಳುವ ಮಾತು, ಒದ್ದೆ ಬಟ್ಟೆಗೆ. ಕೇಕಿಗೆ ಒಪ್ಪುವುದು ಪಸೆ. ಪಸೆ ಒಳಗಿನದು, ಮೇಲಿನಿಂದ ಸುರಿಯುವಂಥದಲ್ಲ. ಬೆಣ್ಣೆ, ಸಕ್ಕರೆ, ಬಾದಾಮಿ ಇವು ಮೂರೂ ಸೇರಿ ಪಸೆ ಬರುತ್ತದೆ. ಸಕ್ಕರೆ ನೀರನ್ನು ಹಿಡಿದಿಡುತ್ತದೆ. ಬಾದಾಮಿಯ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಮೈದಾದಲ್ಲಿರುವ ಜಿಗುಟು ಅದಕ್ಕಿಲ್ಲ. ಆದ್ದರಿಂದ ಮೈದಾದ ಒಂದು ಪಾಲನ್ನು ಬಾದಾಮಿಪುಡಿಗೆ ಬಿಟ್ಟುಕೊಟ್ಟರೆ ಕೇಕು ಬಿರುಸಾಗುವುದಿಲ್ಲ, ದಿನ ಕಳೆದರೂ ಬೇಗ ಒಣಗುವುದಿಲ್ಲ. ಗೆದ್ದ ಸೋದರಿ ಹಸಿ ಉಳಿದೀತೆಂದು ಹೆದರಿ ಕೇಕನ್ನು ಹತ್ತು ನಿಮಿಷ ಹೆಚ್ಚು ಬೇಯಿಸಿದರಂತೆ. ಒಣಗಿತೆಂದು ಕಂಡಾಗ ಸಕ್ಕರೆ ಪಾಕ ಸುರಿದರಂತೆ. ಆ ಪಾಕವನ್ನು ನಾವು ಪಸೆಯೆಂದು ತಿಳಿದೆವು.

ಮೂರನೆಯದು ಪದರ. ನಮ್ಮ ಮದುವೆಯೂಟದ ಚಿರೋಟಿಯೂ ಪದರದ ತಿಂಡಿಯೇ. ಅದರ ಮೇಲೆ ಬಾದಾಮಿ ಹಾಲನ್ನು ಎಲೆಯಲ್ಲಿ ಬಡಿಸುವಾಗಲೇ ಹಾಕುತ್ತಾರೆ. ಚಿರೋಟಿಯ ಪದರ ಗರಿಗರಿಯಾಗಿರುವುದಕ್ಕಾಗಿ. ಕೇಕಿನ ಪದರದ ಕಾರಣ ಬೇರೆ. ಆಳವಾದ ಪಾತ್ರೆಯಲ್ಲಿ ಹಿಟ್ಟು ಸುರಿದರೆ ನಡು ಬೇಯುವಷ್ಟರಲ್ಲಿ ಅಂಚು ಒಣಗುತ್ತದೆ. ತಗ್ಗಾದ ಎರಡು ಟಿನ್ನುಗಳಲ್ಲಿ ಹಂಚಿ ಬೇಯಿಸಿದರೆ ಎರಡೂ ಸಮವಾಗಿ, ಬೇಗನೆ ಬೇಯುತ್ತವೆ. ಆಮೇಲೆ ಒಂದರ ಮೇಲೊಂದು ಇಡುವುದು. ಪದರವೆಂದರೆ ಅಲಂಕಾರವಲ್ಲ, ಪಸೆ ಉಳಿಸುವ ಉಪಾಯ. ಬಿಳಿಯ ಕೇಕನ್ನು ಆಳದ ಒಂದೇ ಪಾತ್ರೆಯಲ್ಲಿ ಬೇಯಿಸಿ ಅಡ್ಡಲಾಗಿ ಸೀಳಿದ್ದರು. ಅದರಲ್ಲಿ ಪದರ ಕಂಡಿತು, ಪದರದ ಫಲ ಸಿಗಲಿಲ್ಲ. ಆಶಯವಿಲ್ಲದ ಆಕೃತಿ ಎಂದು ಪುಸ್ತಕಗಳ ಬಗ್ಗೆ ಎಷ್ಟೋ ಸಲ ಬರೆದ ನಮಗೆ ಇದು ಅಂದು ಹೊಳೆಯಲಿಲ್ಲ.

ಇಷ್ಟು ಹೇಳಿದ ಮೇಲೆ ಸೋತ ಕೇಕಿನ ದೋಷಗಳನ್ನೂ ಹೇಳದಿದ್ದರೆ ಇನ್ನೊಂದು ಅನ್ಯಾಯವಾದೀತು. ಉಬ್ಬಿದ ನೆತ್ತಿಯನ್ನು ಕತ್ತರಿಸಿ ಸಮ ಮಾಡಿಕೊಂಡಿದ್ದರೆ ಅದು ವಾಲುತ್ತಿರಲಿಲ್ಲ. ಜಾಮಿನ ಸಿಹಿ ಕೊಂಚ ಮಿತಿ ಮೀರಿತ್ತು, ಆದರೆ ಬಾದಾಮಿಗೆ ಜರ್ದಾಳು ಕೂಡಿಸಿದ್ದು ಸಂಬಂಧವರಿತ ಆಯ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬಾದಾಮಿ ತೀರ ಮೆಲ್ಲಗೆ ಮಾತಾಡುತ್ತಿತ್ತು. ಅರ್ಧ ಚಮಚ ಎಸೆನ್ಸ್ ಬೆರೆಸಿದ್ದರೆ ಸಭಾಂಗಣದ ಗದ್ದಲದಲ್ಲೂ ಅದು ಕೇಳಿಸುತ್ತಿತ್ತು. ಒಬ್ಬರಲ್ಲಿ ದೇಹವಿತ್ತು, ಇನ್ನೊಬ್ಬರಲ್ಲಿ ದನಿಯಿತ್ತು. ಎರಡನ್ನೂ ಕೂಡಿಸಿ ನಮ್ಮ ಮನೆಯಲ್ಲಿ ಎರಡು ಸಲ ಮಾಡಿ ನೋಡಿದ ಅಳತೆಯನ್ನು ಇಲ್ಲಿ ಕೊಡುತ್ತಿದ್ದೇವೆ.

ಮೈದಾ 200 ಗ್ರಾಂ, ಬಾದಾಮಿಪುಡಿ 100 ಗ್ರಾಂ, ಬೆಣ್ಣೆ 200 ಗ್ರಾಂ, ಸಕ್ಕರೆ 200 ಗ್ರಾಂ, ಮೊಟ್ಟೆ 4, ಹುಳಿಯಿಲ್ಲದ ಮೊಸರು 120 ಗ್ರಾಂ, ಬೇಕಿಂಗ್ ಪೌಡರ್ 2 ಚಹಾ ಚಮಚ, ಉಪ್ಪು ಕಾಲು ಚಮಚ, ಎಸೆನ್ಸ್ ಅರ್ಧ ಚಮಚ. ಬಾದಾಮಿಯನ್ನು ನೆನೆಸಿ, ಸಿಪ್ಪೆ ತೆಗೆದು, ಚೆನ್ನಾಗಿ ಒಣಗಿಸಿ, ಎರಡು ಚಮಚ ಸಕ್ಕರೆಯೊಡನೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಬೇಕು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಬೆಣ್ಣೆ ಸಕ್ಕರೆಗಳನ್ನು ಬೆಳ್ಳಗೆ ಹಗುರಾಗುವವರೆಗೆ ತಿರುವುವುದರಲ್ಲಿ ಅವಸರ ಬೇಡ. ಕೇಕನ್ನು ಉಬ್ಬಿಸುವ ಗಾಳಿ ಸೇರುವುದು ಅಲ್ಲೇ, ಬೇಕಿಂಗ್ ಪೌಡರ್ ಆ ಗುಳ್ಳೆಗಳನ್ನು ಹಿಗ್ಗಿಸುತ್ತದೆ ಅಷ್ಟೆ. ಮೊಟ್ಟೆ ತಣ್ಣಗಿರಬಾರದು, ಒಂದೊಂದಾಗಿ ಸೇರಿಸಿ. ಮೊಸರು, ಎಸೆನ್ಸ್, ಹಿಟ್ಟುಗಳು ಸೇರಿದ ಮೇಲೆ ಕೈ ಹಗುರವಾಗಿರಲಿ. ಹೆಚ್ಚು ಕಲಸಿದರೆ ಮೈದಾ ಜಿಗುಟಾಗುತ್ತದೆ. 8 ಅಂಗುಲದ ಎರಡು ಟಿನ್ನುಗಳಲ್ಲಿ ಹಂಚಿ, 180 ಡಿಗ್ರಿ ಸೆಲ್ಸಿಯಸಿನಲ್ಲಿ ಸುಮಾರು 30 ನಿಮಿಷ ಬೇಯಿಸಿ. 25ನೆಯ ನಿಮಿಷದಿಂದಲೇ ಕಡ್ಡಿ ಚುಚ್ಚಿ ನೋಡುತ್ತಿರಿ. ಕಡ್ಡಿಗೆ ಹಸಿ ಹಿಟ್ಟು ಅಂಟದೆ ಒಂದೆರಡು ಅಗುಳು ಅಂಟಿಕೊಂಡರೆ ಅದೇ ಹದ. ಮೊಟ್ಟೆ ತಿನ್ನದ ಮನೆಗಳಲ್ಲಿ ಮಾಡುವವರು ಬಾದಾಮಿಪುಡಿಯ ಪಾಲನ್ನು ಇಳಿಸಿಕೊಳ್ಳಬೇಕು. ಹಿಡಿದಿಡುವ ಮೊಟ್ಟೆ ಇಲ್ಲದೆ ಪುಡಿ ಹೆಚ್ಚಾದರೆ ಕೇಕು ಉದುರುತ್ತದೆ.

ಬಾದಾಮಿಯ ಬೆಲೆ ನಮಗೂ ಗೊತ್ತಿದೆ. ಹಿಂದೆ ಚಾಳಿನ ಒಂದೇ ಕೋಣೆಯಲ್ಲಿ, ಕುಕ್ಕರಿಗೆ ಮರಳು ಹಾಕಿ ಅದರಲ್ಲಿ ಕೇಕ್ ಬೇಯಿಸುತ್ತಿದ್ದ ನಮ್ಮ ತಾಯಂದಿರಿಗೆ ಎಸೆನ್ಸಿನ ಪುಟ್ಟ ಸೀಸೆಯೇ ಬಾದಾಮಿಯಾಗಿತ್ತು. ಅದನ್ನು ನಾವು ಹಳಿಯುವುದಿಲ್ಲ. ಇಲ್ಲದಾಗ ಪರಿಮಳದಲ್ಲಿ ತೃಪ್ತಿಪಡುವುದು ಬಡತನದ ಜಾಣ್ಮೆ. ಇದ್ದಾಗಲೂ ವಸ್ತುವನ್ನು ಬಿಟ್ಟು ಪರಿಮಳಕ್ಕೆ ಬಹುಮಾನ ಕೊಡುವುದು ರುಚಿಗೇಡಿತನ. ಊರು ಬಿಟ್ಟು ಬಂದ ನಮ್ಮಂಥವರು ಈ ಭೇದವನ್ನು ಮರೆಯಬಾರದೆಂದು ನಮಗನ್ನಿಸುತ್ತದೆ.

ಕೊಟ್ಟ ಬಹುಮಾನವನ್ನು ಹಿಂದಕ್ಕೆ ಕೇಳುವುದು ಸಭ್ಯತೆಯಲ್ಲ. ಹಾಗೆ ಕೇಳುವುದೂ ಇಲ್ಲ. ಮುಂದಿನ ವರ್ಷ ಪ್ರತಿಯೊಂದು ಕೇಕಿನ ಜೊತೆ ಅದರ ಪಾಕವಿಧಾನವನ್ನೂ ಬರೆದು ತರಬೇಕೆಂದು, ಅಂಕ ಕೊಡುವ ಮೊದಲು ತೀರ್ಪುಗಾರರು ಅದನ್ನು ಓದಬೇಕೆಂದು ಮಹಿಳಾ ವಿಭಾಗಕ್ಕೆ ಸೂಚಿಸಿದ್ದೇವೆ. ಎರಡನೆಯ ಸ್ಥಾನ ಪಡೆದ ಸೋದರಿಯಲ್ಲಿ ಈ ಪುಟದ ಮೂಲಕ ಕ್ಷಮೆ ಕೇಳುತ್ತೇವೆ. ಆ ಹುಡುಗ ನಮ್ಮ ಕಟ್ಟಡದವನೇ. ಮೊನ್ನೆ ಅವನನ್ನು ಕರೆದು, ನೆನೆಸಿದ ಬಾದಾಮಿಯೊಂದನ್ನು ಕೈಗಿತ್ತು, 'ಇದರ ವಾಸನೆ ಹೇಗಿದೆ ನೋಡು' ಎಂದೆವು. ಮೂಸಿದ, ಅಗಿದ, ಸ್ವಲ್ಪ ಹೊತ್ತು ಸುಮ್ಮನಿದ್ದ. 'ಅವತ್ತಿನ ಆ ಸೊಟ್ಟ ಕೇಕಿನ ಹಾಗಿದೆ' ಎಂದ.